ಬೀಳುವವರನ್ನು ಮೊದಲು ಕರೆಯುತ್ತಾರೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೋದ ಪತ್ರದಲ್ಲಿ ಕೆಮ್ಮು ಅಂತ ಬರೆದಿದ್ದೆ, ಅದು ಇಳಿಯಿತೇ? ಗಣಿಯವರ ಎದೆಗೆಲ್ಲ ಕೊಳವೆ ಇಟ್ಟು ಕೇಳುವವಳು ನಿನ್ನ ಎದೆಗೂ ಒಂದು ಸಲ ಇಟ್ಟುಕೊಂಡು ನೋಡು. ಎರಡನೇ ನರ್ಸು ಬರುತ್ತಾಳೆ ಅಂದಿದ್ದರಲ್ಲ, ಬಂದಳೋ, ಇಲ್ಲ ಈಗಲೂ ಇಡೀ ಆಸ್ಪತ್ರೆಗೆ ಅತ್ತೆಯೂ ನೀನೇ ಸೊಸೆಯೂ ನೀನೆಯೋ? ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ಬಲಗೈ ಮಣಿಕಟ್ಟು ಒಂದನ್ನು ಬಿಟ್ಟು. ಅದಕ್ಕೇ ಈ ಸಲ ಅಕ್ಷರ ನನ್ನದು. ಗಾಬರಿಯಾಗಬೇಡ, ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ. ಪಟ್ಟಿ ಕಟ್ಟಿದ್ದಾರೆ, ಬೆರಳುಗಳೆಲ್ಲ ಆಡುತ್ತವೆ. ನನ್ನತ್ತ ನೀಡಿ ಬೈಯುವ ತೋರುಬೆರಳಂತೂ ಮೊದಲಿಗಿಂತ ಚೆನ್ನಾಗಿ ಆಡುತ್ತದೆ. ಅದು ಹೇಗಾಯಿತು ಅನ್ನುವುದು ಮುಂದೆ ಬರುತ್ತದೆ.

ಅಮ್ಮ ನಿನಗೆ ಒಂದೇ ಒಂದು ಮಾತು ಬರೆ ಅಂದಿದ್ದಾಳೆ. ಅದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಬರೆಯಲು ನನಗೆ ಕೈ ಏಳುವುದಿಲ್ಲ, ಆದ್ದರಿಂದ ಅದು ಕೊನೆಗೆ. ಈಗಲೇ ಹಾಳೆ ತಿರುಗಿಸಿ ಕೆಳಗೆ ಕಣ್ಣು ಹಾಯಿಸಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ತನ್ನ ಪತ್ರಗಳಲ್ಲಿ ಅಮ್ಮ ನಿನಗೆ, ಸಂಜೆ ಹೊತ್ತು ಸ್ವಲ್ಪ ವ್ಯಾಯಾಮ ಮಾಡುತ್ತಿದ್ದೇನೆ ಅಂತ ಬರೆದಿದ್ದಾಳಂತೆ. ಸ್ವಲ್ಪ ವ್ಯಾಯಾಮವಂತೆ. ಅಕ್ಕಾ, ನೀನು ಗಣಿಗೆ ಹೋದ ಮೇಲೆ ಅಮ್ಮ ನಮ್ಮ ಗಾಜಿನಂಗಡಿ ಮೇಷ್ಟ್ರ ತಾಲೀಮಿಗೆ ಸೇರಿದ್ದಾಳೆ. ನೀನೂ ನಾನೂ ವರ್ಷಗಟ್ಟಲೆ ಬಿದ್ದೆದ್ದ ಅದೇ ಮಹಡಿ ಕೋಣೆಯಲ್ಲಿ, ಅದೇ ಸವೆದ ಹಾಸಿನ ಮೇಲೆ, ಐವತ್ತು ದಾಟಿದ ನಮ್ಮ ಅಮ್ಮ ಜನರನ್ನು ಎತ್ತಿ ಎಸೆಯುತ್ತಿದ್ದಾಳೆ. ಸೇರಿಸಿದವಳು ನಾನೇ, ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಮುದ್ರಣಾಲಯದಲ್ಲಿ ನಾನು ಮಡಚುವ ಕರಪತ್ರವೊಂದರಲ್ಲಿ, ದುಡಿಯುವ ಪ್ರತಿ ಹೆಂಗಸೂ ಮೊದಲು ತನ್ನ ಮೈಯನ್ನು ತಾನು ಆಳಲು ಕಲಿಯಬೇಕು, ಉಳಿದ ಸ್ವಾತಂತ್ರ್ಯವೆಲ್ಲ ಅಲ್ಲಿಂದ ಶುರು ಅಂತ ಇತ್ತು. ಅದು ನನ್ನ ನೆತ್ತಿಗೇರಿತು. (ಮಡಚುವ ಹಾಳೆಯ ಒಂದು ಮಗ್ಗುಲಿಗೆ ಒಂದು, ನಾಲ್ಕು, ಐದು, ಎಂಟನೇ ಪುಟ ಇರುತ್ತವೆ, ಉಳಿದವು ಇನ್ನೊಂದು ಮಗ್ಗುಲಿಗೆ. ಕೆಲಸದ ನಡುವೆ ನನ್ನ ಕಣ್ಣಿಗೆ ಬೀಳುವುದು ಮೇಲಿನ ಮಗ್ಗುಲು ಮಾತ್ರ. ನಿನ್ನ ತತ್ತ್ವಗಳಲ್ಲಿ ಎರಡನೇ ಮೂರನೇ ಪುಟವೇ ಇಲ್ಲವಲ್ಲೇ ಅಂತ ನೀನು ಗೇಲಿ ಮಾಡುತ್ತಿದ್ದೆ. ಈಗಲೂ ಮಾಡು, ಅಡ್ಡಿಯಿಲ್ಲ.) ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೇಟು ಹರಿದು, ಸಂಜೆ ಬಂದು ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂರುವ ಅಮ್ಮನ ಮುಂದೆ ನಾನು ಊಟದ ತಟ್ಟೆ ಆರುವ ತನಕ ಉಪನ್ಯಾಸ ಬಿಗಿದೆ. ಸಿದ್ಧಾಂತವನ್ನು ಒಪ್ಪಿ ಅವಳು ಬರಲಿಲ್ಲ. ನನ್ನ ಬಾಯಿ ಮುಚ್ಚಿಸಲು ಬಂದಳು.

ಮೊದಲ ದಿನವೇ ಹಾಸಿನ ಅಂಚಿನಲ್ಲಿ ಗುಂಪುಗಟ್ಟಿ ನಿಂತಿದ್ದವರನ್ನು ನೋಡಿ ಅಭ್ಯಾಸಬಲದಿಂದ, ಒಳಗೆ ಜರುಗಿ, ಒಳಗೆ ಜರುಗಿ, ಹಿಂದೆ ಜಾಗ ಖಾಲಿ ಇದೆ ಅಂದಳು. ಎಲ್ಲರೂ ಜರುಗಿದರು. ಮೇಷ್ಟ್ರೂ ಜರುಗಿದರು. ಹೊಸಬರ ಭುಜವನ್ನು ಅವರು ಹೇಳದೆ ಕೇಳದೆ ನೂಕಿ ನೋಡುತ್ತಾರಲ್ಲ, ಅಮ್ಮನನ್ನೂ ನೂಕಿದರು. ಅವಳು ಮಂಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ಇದ್ದಲ್ಲೇ ಇದ್ದಳು. ಇಪ್ಪತ್ತು ಚಿಲ್ಲರೆ ವರ್ಷ ಯಾವ ಕಂಬಿಯನ್ನೂ ಹಿಡಿಯದೆ, ತಿರುವುಗಳಲ್ಲಿ, ಎರಡೂ ಕೈಯಲ್ಲಿ ಕೆಲಸ ಇಟ್ಟುಕೊಂಡು ನಿಂತವಳು ಅವಳು. ಡ್ರೈವರು ಬ್ರೇಕಿನ ಮೇಲೆ ಕಾಲಿಡುವುದು ಅವಳ ಕಾಲಿಗೆ ಮೊದಲು ತಿಳಿಯುತ್ತದೆ. ಮೇಷ್ಟ್ರು ಇನ್ನೊಂದು ಸಲ ನೂಕಿ, ಇವರಿಗೆ ನಿಲ್ಲೋದು ಹೇಳಿಕೊಡಬೇಕಾಗಿಲ್ಲ ಅಂದರು, ಅಂದು ನನ್ನ ಕಡೆ ನೋಡಿದರು. ನನಗೆ ನಿಲ್ಲುವುದನ್ನು ಹೇಳಿಕೊಡಲು ಅವರಿಗೆ ಒಂದು ಇಡೀ ಚಳಿಗಾಲ ಹಿಡಿದಿತ್ತು. ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಆಗಲೇ. ಆಮೇಲೆ ಅಂಗಿಯ ವಿಷಯ. ಅಮ್ಮನಿಗೆಂದು ಹೊಸ ತಾಲೀಮು ಅಂಗಿ ಹೊಲಿಸಬೇಕು ಅಂತ ನಾನು ಬಟ್ಟೆ ತಂದಿಟ್ಟಿದ್ದೆ. ಅವಳು ನೇರವಾಗಿ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ನಿನ್ನ ಅಂಗಿಗೆ ಕೈ ಹಾಕಿದಳು. ದೊಡ್ಡವಳದು ಇದೆಯಲ್ಲ, ಸುಮ್ಮನೆ ಧೂಳು ತಿನ್ನುತ್ತಿದೆ ಅಂದಳು. ನಿನ್ನ ತೋಳು ಅವಳಿಗೆ ಉದ್ದ, ಎರಡು ಮಡಿಕೆ ಮಡಚಿಕೊಳ್ಳುತ್ತಾಳೆ. ಅಂದಿನಿಂದ ಪ್ರತಿ ಸಂಜೆ ನಾನು ಹಿಡಿಯಲು ಹೋಗುವುದು ಅಮ್ಮನನ್ನು, ಕೈಗೆ ಸಿಗುವುದು ನೀನು.

ಅಸೂಯೆ ಎಂಬುದು ಆಸ್ತಿವಂತರ ಕಾಯಿಲೆ ಅಂತ ನನ್ನ ಕರಪತ್ರಗಳು ಹೇಳುತ್ತವೆ. ಬೇಲಿ ಇಲ್ಲದವನಿಗೆ ಪಕ್ಕದ ಹೊಲದ ಚಿಂತೆ ಇಲ್ಲವಂತೆ. ನನ್ನ ಹೆಸರಿನಲ್ಲಿ ಎರಡು ಜೊತೆ ಚಪ್ಪಲಿ ಬಿಟ್ಟರೆ ಏನೂ ಇಲ್ಲ. ಹಾಗಾದರೆ ಈ ಕಾಯಿಲೆ ನನಗೆ ಎಲ್ಲಿಂದ ಅಂಟಿತು? ಇದನ್ನು ಬರೆದವರು ತಾಯಿ ಅಕ್ಕ ಯಾರೂ ಇಲ್ಲದೆ ಬೆಳೆದವರಿರಬೇಕು ಅಂತ ನನಗೆ ಈಚೆಗೆ ಅನ್ನಿಸುತ್ತಿದೆ. ಅಥವಾ ಉತ್ತರ ಎರಡನೇ ಪುಟದಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಮೊದಲ ಭಾನುವಾರ ಬೆಳಿಗ್ಗೆ ಅಮ್ಮನ ಮೊದಲ ಪರೀಕ್ಷೆ. ನಮ್ಮ ಕೋಣೆಯ ಪದ್ಧತಿ ಈಗಲೂ ಬದಲಾಗಿಲ್ಲ. ಪರೀಕ್ಷೆ ಕೊಡುವವರು ತಮಗಾಗಿ ಬೀಳುವವರನ್ನು ತಾವೇ ಆರಿಸಬೇಕು. ಮೇಷ್ಟ್ರು ಹಾಸಿನ ಮೇಲೆ ಮೊದಲು ಕರೆಯುವುದು ಬೀಳುವವರನ್ನು, ಆಮೇಲೆ ಎಸೆಯುವವರನ್ನು, ಏಕೆಂದರೆ ಮೈ ಒಪ್ಪಿಸುವವರದು ದೊಡ್ಡ ಕೆಲಸ. ಅಮ್ಮನ ಪರೀಕ್ಷೆಯ ದಿನ ಮೊದಲು ನನ್ನನ್ನು ಕರೆಯಬೇಕು. ಇಷ್ಟು ದಿನದಲ್ಲಿ ನಾನು ಬಯಸಿದ್ದು ಅದೊಂದೇ. ಅವಳನ್ನು ಮೆಟ್ಟಿಲು ಹತ್ತಿಸಿದವಳು ನಾನು, ಪ್ರತಿ ಸಂಜೆ ಜೊತೆಗೆ ನಿಂತವಳು ನಾನು. ಕೋಣೆಯಲ್ಲಿ ನಾವಿಬ್ಬರೂ ನಡುವೆ ನಿಂತಿರಬೇಕು, ಎಲ್ಲರೂ ನೋಡಬೇಕು, ಅಂಗಿ ನಿನ್ನದಾದರೂ ಸರಿ.

ಆದರೆ ಬೀಳುವುದರಲ್ಲೇ ನಾನು ಎಡವಿದೆ. ಮೊದಮೊದಲು ಅಮ್ಮನ ಜೊತೆ ಅಭ್ಯಾಸಕ್ಕೆ ನಿಂತಾಗ ನನಗೆ ಅಯ್ಯೋ ಅನ್ನಿಸುತ್ತಿತ್ತು. ನಿಂತು ನಿಂತು ಊದಿದ ಕಾಲು, ನನ್ನ ಭಾರ ಎಲ್ಲಿ ಎತ್ತುತ್ತಾಳೆ ಅಂತ. ಅವಳು ತೋಳು ಹಿಡಿದು ಕಾಲು ಮುಂದಿಡುವಷ್ಟರಲ್ಲಿ ನಾನೇ ಹಾರಿ ಬೆನ್ನು ಕೊಟ್ಟು ಧೊಪ್ಪನೆ ಬೀಳುತ್ತಿದ್ದೆ. ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಇದು ಪ್ರೀತಿ ಅಂತಲೇ ನಾನು ತಿಳಿದಿದ್ದೆ. ಮೇಷ್ಟ್ರು ಆ ಹೊತ್ತಿಗೆ ಕೆಳಗೆ ಅಂಗಡಿಯಲ್ಲಿ ಗಾಜು ಕೊಯ್ಯುತ್ತಿರುತ್ತಾರೆ. ಮೇಲೆ ಯಾರಾದರೂ ಬಿದ್ದರೆ ಕೆಳಗೆ ಗೋಡೆಗೆ ಒರಗಿಸಿಟ್ಟ ಗಾಜಿನ ಹಾಳೆಗಳು ಅದುರುತ್ತವೆ, ಅದು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಏನೆಂದರೆ ಅವರು ಅದನ್ನು ಕೇಳಿಸಿಕೊಳ್ಳುತ್ತಾರೆ. ಒಂದು ಸಂಜೆ ಸೊಂಟ ಹಿಡಿದುಕೊಂಡು ನಿಧಾನ ಮೆಟ್ಟಿಲು ಹತ್ತಿ ಬಂದು, ಈಗ ಬಿದ್ದವರು ಯಾರು ಅಂದರು. ನಾನು ಅಂದೆ. ಅಲ್ಲ, ನೀನು ಕೂತೆ, ಬೀಳಲಿಲ್ಲ ಅಂದರು. ಅಮ್ಮನ ಮುಖದ ಮೇಲಿದ್ದ ನಗು ಹಾಗೇ ಇಳಿಯಿತು. ಮನೆಗೆ ಬಂದು ಬಾಗಿಲ ಬೀಗ ತೆಗೆಯುತ್ತಾ, ಇಷ್ಟು ದಿನ ನನ್ನ ಜೊತೆ ಬೊಂಬೆ ಆಟ ಆಡಿದೆಯೇನೇ ಅಂತ ಒಂದೇ ಮಾತು ಕೇಳಿದಳು.

ಮರುದಿನದಿಂದ ಅಮ್ಮ ಮೂಟೆಯ ಜೊತೆ ನಿಂತಳು. ಮೂಟೆ ಯಾರು ಅಂತ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬಂದವನು. ಬೇಕರಿಯಲ್ಲಿ ಹಿಟ್ಟಿನ ಚೀಲ ಹೊರುತ್ತಾನೆ, ಅವನೇ ಎರಡು ಚೀಲದಷ್ಟಿದ್ದಾನೆ. ಮೆದು ಮನುಷ್ಯ, ನಾಯಿ ಬಂದರೆ ದಾರಿ ಬಿಡುತ್ತಾನೆ. ಅಮ್ಮ ಅವನನ್ನು ಎತ್ತಲು ನೋಡಿದಳು, ಆಗಲಿಲ್ಲ, ನೋಡಿದಳು, ಆಗಲಿಲ್ಲ. ವಾರಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಅವನು ಮುಂದೆ ವಾಲಿದ ಕ್ಷಣಕ್ಕೆ ಸರಿಯಾಗಿ ಅವಳು ತಿರುಗಿದಳು, ಬಸ್ಸು ತಿರುವಿನಲ್ಲಿ ಬಾಗಿದ ಹಾಗೆ, ಮೂಟೆ ಅವಳ ಸೊಂಟದ ಮೇಲಿಂದ ಹೋಗಿ ಹಾಸಿನ ಮೇಲೆ ಬಿದ್ದ. ಮೂಟೆ ಮಲಗಿದ್ದಲ್ಲಿಂದಲೇ, ನನ್ನ ಸ್ಟಾಪು ಬಂತಾ ಮೇಡಂ ಅಂದ. ಎಲ್ಲರೂ ನಕ್ಕರು, ಕೆಳಗಿನಿಂದ ಮೇಷ್ಟ್ರು ಸೂರಿಗೆ ಕೋಲಿನಿಂದ ಕುಟ್ಟಿದರು. ಅವರು ಹಾಗೆ ಕುಟ್ಟುವುದು ಮೆಚ್ಚಿದಾಗ ಮಾತ್ರ. ನನಗೆ ಅವರು ಕುಟ್ಟಿದ್ದು ನೆನಪಿಲ್ಲ. ಅಕ್ಕಾ, ಆ ದಿನ ಅಮ್ಮನ ಮುಖ ನೀನು ನೋಡಬೇಕಿತ್ತು. ಅಂಥ ಮುಖವನ್ನು ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ, ಅದನ್ನು ಅವಳಿಗೆ ಕೊಟ್ಟವನು ಹಿಟ್ಟು ಹೊರುವ ಮೂಟೆ. ನಾನು ಒಂದು ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಹೋದ ತಿಂಗಳ ಕೊನೆಗೆ ಅವಳು ಮತ್ತೆ ನನ್ನ ಮುಂದೆ ಬಂದು ನಿಂತಳು. ಈಗ ನೋಡೋಣ ಬಾ ಅಂದಳು. ನಾನು ಕಲ್ಲಾದೆ. ಕಾಲನ್ನು ಬೇರಿನ ಹಾಗೆ ಊರಿದೆ, ಹೆಗಲನ್ನು ಬಿಗಿದೆ, ಅವಳು ಎತ್ತ ಎಳೆದರೂ ಅಲ್ಲಾಡಲಿಲ್ಲ. ಅವಳು ತಿರುಗಿದಳು, ಆ ನಡುತಿರುವಿನಲ್ಲಿ ನಾನು ನನ್ನ ತೋಳನ್ನು ಹಿಂದಕ್ಕೆ ಕಿತ್ತುಕೊಂಡೆ. ಅವಳ ಮಣಿಕಟ್ಟು ನಿನ್ನ ಅಂಗಿಯ ಮಡಿಕೆಯೊಳಗೆ ಸಿಕ್ಕಿ ಹೊರಳಿತು. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೆಳಗೆ ಕೂತಳು. ಡಿಪೋದಲ್ಲಿ ಕೇಳಿದವರಿಗೆಲ್ಲ ಬಸ್ಸಿನ ಬಾಗಿಲಿಗೆ ಸಿಕ್ಕಿತು ಅಂತ ಹೇಳಿದ್ದಾಳೆ. ಬಾಗಿಲು ನಾನು. ಮೇಷ್ಟ್ರು ಅವಳ ಕೈಗೆ ತಣ್ಣೀರ ಬಟ್ಟೆ ಸುತ್ತಿ ಆಮೇಲೆ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಹೇಳಿದ್ದು ಇಷ್ಟು: "ಮೊದಲು ನೀನಾಗಿ ಬಿದ್ದೆ. ಈಗ ಬೀಳೋದೇ ಇಲ್ಲ ಅಂದೆ. ಎರಡರಲ್ಲೂ ನೀನೊಬ್ಬಳೇ ಇದ್ದೀಯ. ಎದುರಿಗಿದ್ದವಳು ಎಲ್ಲಿ ಹೋದಳು?"

ನಾನು ಇದಕ್ಕೆ ಉತ್ತರ ಹುಡುಕಿ ನನ್ನ ಕರಪತ್ರಗಳ ಕಟ್ಟನ್ನೆಲ್ಲ ಬಿಚ್ಚಿ, ಹಾಳೆ ತಿರುಗಿಸಿ, ಎರಡೂ ಮಗ್ಗುಲು ಓದಿದೆ. ಎದುರಾಳಿ, ಶತ್ರು, ಸಂಗಾತಿ, ಜನಸಾಗರ, ಎಲ್ಲರೂ ಇದ್ದರು. ಎದುರಿಗೆ ನಿಂತ ಒಬ್ಬ ಮನುಷ್ಯನ ಭಾರ ಯಾವ ಕಾಲಿನ ಮೇಲಿದೆ ಅಂತ ನೋಡಲು ಯಾವ ಪುಟವೂ ಹೇಳಿರಲಿಲ್ಲ.

ಒಂದು ವಾರ ನನಗೆ ಹಾಸಿನ ಮೇಲೆ ಜಾಗವಿರಲಿಲ್ಲ. ಸಂಜೆ ಬಂದು ಕೆಳಗೆ ಅಂಗಡಿಯಲ್ಲಿ ಕೂತು ಕೇಳು ಅಂದರು ಮೇಷ್ಟ್ರು. ಗಾಜಿನ ಹಾಳೆಗಳ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ಮೊದಲ ಸಂಜೆ ಎಲ್ಲವೂ ಒಂದೇ ಗದ್ದಲ. ಆಮೇಲೆ ಬೇರೆಬೇರೆ ಕೇಳತೊಡಗಿತು. ತಾನೇ ಹಾರಿ ಬಿದ್ದವರ ಕಾಲು ಮೊದಲು ತಾಗುತ್ತದೆ, ಬೆನ್ನು ಆಮೇಲೆ, ಗಾಜು ಎರಡು ಸಲ ಪಿಸುಗುಡುತ್ತದೆ. ಬಿಗಿದುಕೊಂಡು ಬಿದ್ದವರಿಗೆ ಗಡಗಡ ಅನ್ನುತ್ತದೆ, ನೆಗಡಿಯಾದವರ ಹಾಗೆ. ನಿಜವಾಗಿ ಎಸೆಯಿಸಿಕೊಂಡು, ಮೈ ಸಡಿಲ ಬಿಟ್ಟು ಬಿದ್ದಾಗ ಎಲ್ಲ ಹಾಳೆಗಳೂ ಒಂದೇ ಸಲ ಝುಮ್ಮೆನ್ನುತ್ತವೆ, ಆ ನಾದ ಬಿದ್ದವರು ಎದ್ದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಅಮ್ಮ ಎಡಗೈಯಲ್ಲೇ ಅಭ್ಯಾಸ ಮಾಡುತ್ತಿದ್ದಳು. ಎಸೆಯುವುದು ಆಗಲೊಲ್ಲದು, ಬೀಳುತ್ತಿದ್ದಳು. ಯಾವುದು ಅವಳು ಬಿದ್ದ ಸದ್ದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ತಾಯಿ ಅಷ್ಟು ನಂಬಿ ಬೀಳುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ, ಅಕ್ಕಾ. ಯಾರ ಕೈಯಲ್ಲೋ ಬೀಳುತ್ತಿದ್ದಳು, ಮೂಟೆಯೋ ಇನ್ನೊಬ್ಬರೋ. ಗಾಜು ಝುಮ್ಮೆಂದಾಗಲೆಲ್ಲ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ಅಲ್ಲಿ ಕೂತಿದ್ದಾಗಲೇ ನನ್ನ ಪರೀಕ್ಷೆಯ ನೆನಪು ಬಂತು. ಅಂದು ನನಗಾಗಿ ಬಿದ್ದವಳು ನೀನು. ನಿನ್ನನ್ನು ಮೊದಲು ಕರೆದರು, ಆಮೇಲೆ ನನ್ನನ್ನು. ನೀನು ಗರಿಯ ಹಾಗೆ ಹೋದೆ, ಎಲ್ಲರೂ ಹೊಗಳಿದರು, ನಾನು ಗಾಳಿಯಲ್ಲಿ ತೇಲುತ್ತಾ ಮನೆಗೆ ಬಂದೆ. ಮೇಷ್ಟ್ರನ್ನು ಕೇಳಿದೆ: ಆ ದಿನ ಗಾಜು ಏನಂದಿತು? ಅವರು ಗಾಜು ಒರೆಸುವುದನ್ನು ನಿಲ್ಲಿಸದೆ, ಪರೀಕ್ಷೆ ದಿನ ನಾನು ಮೇಲಿರ್ತೀನಲ್ಲ, ಕೇಳೋಕೆ ಯಾರಿದ್ದರು ಅಂದರು. ಆ ದಿನ ಕೆಳಗೆ ಯಾರೂ ಇರಲಿಲ್ಲ. ನಾನು ಎಸೆದೆನೋ ನೀನು ಬಿದ್ದುಕೊಟ್ಟೆಯೋ ಅನ್ನುವುದು ಈ ಲೋಕದಲ್ಲಿ ನಿನಗೊಬ್ಬಳಿಗೆ ಗೊತ್ತು. ಈಗ ಅದನ್ನು ನನಗೆ ಹೇಳಬೇಡ. ನಿನ್ನ ಮೇಲೆ ಮೊದಲೇ ಹೊರಲಾರದಷ್ಟು ಹೊಟ್ಟೆಕಿಚ್ಚಿದೆ, ಕೃತಜ್ಞತೆಯನ್ನೂ ಹೊರಿಸಬೇಡ. ಆದರೆ ನಿಜವೋ ಸುಳ್ಳೋ ಗೊತ್ತಿಲ್ಲದೆ ಗೆದ್ದವರ ಗೆಲುವು ಹೇಗೆ ಬಾಯಲ್ಲಿ ಕರಗುವುದೇ ಇಲ್ಲ ಅನ್ನುವುದು ಈಗ ನನಗೆ ತಿಳಿಯಿತು. ಅಮ್ಮನಿಗೆ ನಾನು ತಿಂಗಳುಗಟ್ಟಲೆ ಉಣಿಸಿದ್ದು ಅದನ್ನೇ.

ನಿನ್ನೆ ಮತ್ತೆ ಹಾಸಿನ ಮೇಲೆ ಹೋಗಿ ನಿಂತೆ. ಮೇಷ್ಟ್ರು ಮೇಲೆಯೇ ಇದ್ದರು. ಅಮ್ಮ ಎಡಗೈಯಿಂದ ನನ್ನ ತೋಳು ಹಿಡಿದಳು, ಬಲಗೈಯನ್ನು ನನ್ನ ಬೆನ್ನಿಗೆ ಸುಮ್ಮನೆ ಒರಗಿಸಿದಳು. ನಾನು ಬೀಳಬೇಕು ಅಂತಲೂ ಇರಲಿಲ್ಲ, ಬೀಳಬಾರದು ಅಂತಲೂ ಇರಲಿಲ್ಲ. ಅವಳ ಉಸಿರಿನಲ್ಲಿ ಡಿಪೋದ ಚಹಾದ ವಾಸನೆ ಇತ್ತು. ಭಾರ ಎಡಗಾಲಿನ ಮೇಲಿತ್ತು, ಊದಿದ ಕಾಲು ಅದು. ಅವಳು ಅದರ ಮೇಲೆ ನಿಲ್ಲಲು ಎಷ್ಟು ಕಷ್ಟಪಡುತ್ತಾಳೆ ಅಂತ ಯೋಚಿಸುತ್ತಿದ್ದೆ, ಅಷ್ಟರಲ್ಲಿ ಸೂರು ಕಂಡಿತು. ನಾನು ಮಲಗಿದ್ದೆ. ಹೇಗೆ ಅಂತ ನನಗೆ ಗೊತ್ತಾಗಲಿಲ್ಲ, ಆಣೆಗೂ. ಅಮ್ಮ ಬಗ್ಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಬಿದ್ದೆಯೋ, ಬಿದ್ದುಕೊಟ್ಟೆಯೋ?" ಅಂತ ಕೇಳಿದಳು. ಬಿದ್ದೆ ಅಂದೆ. ಅವಳು ಹೂಂ ಅಂದಳು. ಆ ಹೂಂ ನಿನಗೆ ಗೊತ್ತು. ಮೀಸೆ ಮೊಳೆತ ಹುಡುಗನನ್ನು ಮಡಿಲಲ್ಲಿ ಕೂರಿಸಿಕೊಂಡು, ಇವನಿಗೆ ಇನ್ನೂ ಐದು ತುಂಬಿಲ್ಲ ಅನ್ನುವವರಿಗೆ ಅವಳು ಟಿಕೇಟು ಹರಿಯುತ್ತಾ ಅನ್ನುವ ಹೂಂ. ಮೇಷ್ಟ್ರ ಕಡೆ ನೋಡಿದೆ. ಕಣ್ಣಿಗೆ ಕಂಡದ್ದನ್ನು ನಾನು ನಂಬಲ್ಲ ಕಣಮ್ಮ ಅಂತ ಅವರು ಕೈ ಆಡಿಸಿದರು. ಕೆಳಗೆ ಅಂಗಡಿಗೆ ಬೀಗ ಹಾಕಿತ್ತು.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಪಡಸಾಲೆಯಿಂದ ಮೂರು ಸಲ, ಬರೆದೆಯಾ ಬರೆದೆಯಾ ಅಂತ ಕೇಳಿದ್ದಾಳೆ. ಗಣಿಯ ಅಂಚೆ ಲಾರಿ ಸಂಜೆಗೇ ಹೊರಡುತ್ತದೆ. ನಿನಗೆ ಕಂಬಳಿ ಸಾಲದಿದ್ದರೆ ತಿಳಿಸು. ರೋಗಿಗಳಿಗೆ ಬೈಯಬೇಡ, ಬೈದರೂ ನಗುತ್ತಾ ಬೈ. ಅಮ್ಮ ನಿನ್ನ ತಲೆ ಸವರಿದ್ದಾಳೆ ಅಂತ ತಿಳಿದುಕೋ, ಎಡಗೈಯಲ್ಲಿ. ಮೂಟೆ, ನಿನ್ನನ್ನು ನೋಡದಿದ್ದರೂ, ನಮಸ್ಕಾರ ತಿಳಿಸಲು ಹೇಳಿದ್ದಾನೆ. ನಿನ್ನ ಕೆಮ್ಮು ಬೇಗ ಹೋಗಲಿ.

ಇಂತು ನಿನ್ನ ತಂಗಿ,
ನೀನೇ ಹೆಸರಿಟ್ಟ
ಮೆಣಸಿನಕಾಯಿ

ಮರೆತಿಲ್ಲ, ಬರೆಯುತ್ತಿದ್ದೇನೆ: ಅಮ್ಮ ಹೇಳಿದ ಮಾತು ಇದು. "ಏಪ್ರಿಲ್ ಪರೀಕ್ಷೆಗೆ ರಜೆ ಹಾಕಿ ಬಾ. ನನಗೆ ಬೀಳೋಕೆ ನೀನೇ ಬೇಕು. ಸಣ್ಣವಳು ಬಿದ್ದರೆ ನನಗೆ ನಂಬಿಕೆ ಬರಲ್ಲ." ಅಕ್ಷರ ಬಿಡದೆ ಬರೆದಿದ್ದೇನೆ, ನನ್ನ ಕರ್ತವ್ಯ ಮುಗಿಯಿತು. ಇನ್ನು ನನ್ನ ಮಾತು. ಕರೆಸಿಕೊಂಡವರು ಒಲ್ಲೆ ಅನ್ನಬಹುದು ಅನ್ನುವುದೂ ನಮ್ಮ ಕೋಣೆಯ ಪದ್ಧತಿಯೇ. ಒಲ್ಲೆ ಅನ್ನು. ಆದರೆ ಖಂಡಿತ ಬಾ. ಬಂದು ಮೇಲೆ ಹತ್ತಬೇಡ. ಅಂಗಡಿಯ ಬೀಗದ ಕೈ ಮೇಷ್ಟ್ರಿಂದ ಇಸಿದುಕೊಂಡು ಕೆಳಗೆ ಗಾಜುಗಳ ನಡುವೆ ನಿಂತುಕೋ. ಬೀಳುವುದು ನಾನು. ಗಾಜು ಏನಂದಿತು ಅಂತ ಆಮೇಲೆ ಮೆಟ್ಟಿಲು ಹತ್ತಿ ಬಂದು ಅಮ್ಮನಿಗೆ ಹೇಳು, ಸುಳ್ಳಾಗಿ ಬಿದ್ದಿದ್ದರೆ ಸುಳ್ಳು ಅಂತಲೇ ಹೇಳು. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಿನ್ನ ಮಾತನ್ನು ನಂಬುತ್ತಾಳೆ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.